ಉಕ್ಕಿನ ಷಾಫ್ಟ್, ಬೀಡಿನ ಎರಕ: ಜೋಡಣೆಗೆ ಮುನ್ನ ಯೋಚಿಸಬೇಕಾದ ಸಂಗತಿಗಳು

ಪುಲ್ಲಿ, ಗಾಲಿ, ಪಂಪಿನ ಇಂಪೆಲ್ಲರ್, ಹ್ಯಾಂಡ್ ವೀಲ್ ಮುಂತಾದ ಬೀಡು ಕಬ್ಬಿಣದ ಎರಕಗಳಿಗೆ ಉಕ್ಕಿನ ಷಾಫ್ಟನ್ನು ಕೂಡಿಸಿಕೊಡುವುದು ನಮ್ಮ ಸಣ್ಣ ಕೈಗಾರಿಕೆಗಳಿಗೆ ಹೊಸ ಕೆಲಸವೇನಲ್ಲ. ಬೆಳಗಾವಿ, ಶಿವಮೊಗ್ಗಗಳ ಫೌಂಡ್ರಿಗಳಿಂದ ಎರಕ ಬರುತ್ತದೆ. ಷಾಫ್ಟ್ ಲೇತಿನಲ್ಲಿ ಸಿದ್ಧವಾಗುತ್ತದೆ. ಇವೆರಡನ್ನೂ ಹೇಗೆ ಕೂಡಿಸಬೇಕೆಂಬ ಪ್ರಶ್ನೆ ಮಾತ್ರ ಅನೇಕ ವೇಳೆ ಕೊನೆಯ ಗಳಿಗೆಯವರೆಗೆ ಉಳಿದು, ‘ವೆಲ್ಡ್ ಮಾಡಿ ಕಳುಹಿಸಿ’ ಎಂಬ ಒಂದೇ ಮಾತಿನಲ್ಲಿ ಇತ್ಯರ್ಥವಾಗುತ್ತದೆ. ಮಾಲು ಹೊರಡುವಾಗ ಬೆಸುಗೆ ನೋಡಲು ಚೆನ್ನಾಗಿಯೇ ಇರುತ್ತದೆ. ಕೆಲವು ವಾರಗಳ ನಂತರ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಅದೇ ಮಾಲು ಹಿಂದಿರುಗಿದರೆ, ಎರಕ, ಷಾಫ್ಟ್, ಕೂಲಿ, ಸಾಗಣೆ ಎಲ್ಲವೂ ನಷ್ಟದ ಖಾತೆಗೆ ಸೇರುತ್ತವೆ. ಗ್ರಾಹಕರ ವಿಶ್ವಾಸವೂ ಕುಂದುತ್ತದೆ. ಇಂತಹ ನಷ್ಟಕ್ಕೆ ವೆಲ್ಡರನ ಕೈಕೆಲಸದ ದೋಷಕ್ಕಿಂತ, ದರ ನಮೂದಿಸುವ ಮುನ್ನ ಲೋಹದ ಗುಣವನ್ನು ವಿಚಾರಿಸದಿರುವುದೇ ಹಲವು ಬಾರಿ ಮೂಲ ಕಾರಣವಾಗಿರುತ್ತದೆ.

ಬೀಡು ಏಕೆ ಬಿರಿಯುತ್ತದೆ?

ಸಾಮಾನ್ಯ ಮೈಲ್ಡ್ ಸ್ಟೀಲಿನಲ್ಲಿ ಇಂಗಾಲದ ಪ್ರಮಾಣ ಶೇ. 0.25ರ ಒಳಗೇ ಇರುತ್ತದೆ. ಬೂದು ಬೀಡಿನಲ್ಲಿ ಅದು ಶೇ. 2.5ರಿಂದ 4ರವರೆಗೆ ಇದ್ದು, ಬಹುಪಾಲು ಗ್ರಾಫೈಟ್ ಪದರಗಳ ರೂಪದಲ್ಲಿ ಹರಡಿಕೊಂಡಿರುತ್ತದೆ. ಆರ್ಕ್ ವೆಲ್ಡಿಂಗಿನ ಶಾಖಕ್ಕೆ ಬೆಸುಗೆಯ ಪಕ್ಕದ ಇಂಗಾಲವು ಕಬ್ಬಿಣದಲ್ಲಿ ಲೀನವಾಗುತ್ತದೆ. ಸುತ್ತಲಿನ ತಣ್ಣನೆಯ ಎರಕ ಆ ಶಾಖವನ್ನು ಕೂಡಲೇ ಹೀರಿಕೊಳ್ಳುವುದರಿಂದ ಅಲ್ಲಿ ಅತಿ ಗಡುಸಾದ, ಆದರೆ ಗಾಜಿನಂತೆ ಒಡೆಯುವ ಪದರವೊಂದು ಉಂಟಾಗುತ್ತದೆ. ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು. ಬೆಸುಗೆ ತಣಿದು ಕುಗ್ಗುವಾಗ, ಎಳೆತವನ್ನು ತಾಳಲಾರದ ಆ ಪದರ ಬಿರಿಯುತ್ತದೆ. ಕೆಲಸಗಾರರಿಗೆ ಪರಿಚಿತವಾದ ‘ಟಿಕ್’ ಎಂಬ ಸದ್ದು ಇದರದೇ.

ಷಾಫ್ಟಿನ ಕಡೆಯಿಂದಲೂ ಅಪಾಯವುಂಟು. ಹೆಚ್ಚು ಬಳಕೆಯಲ್ಲಿರುವ ಇ.ಎನ್.8 ಉಕ್ಕಿನಲ್ಲಿ ಸುಮಾರು ಶೇ. 0.4 ಇಂಗಾಲವಿರುವುದರಿಂದ, ಮೊದಲೇ ಕಾಯಿಸದೆ ಬೆಸೆದರೆ ಅದೂ ಬೆಸುಗೆಯ ಬದಿಯಲ್ಲಿ ಗಡುಸಾಗುತ್ತದೆ. ತಿರುಗುವ ಷಾಫ್ಟಿನಲ್ಲಿ ಬಾಗುವ ಒತ್ತಡ ಹೆಚ್ಚಾಗಿರುವ ಸ್ಥಳದಲ್ಲೇ ಬೆಸುಗೆ ಇದ್ದರೆ, ದಣಿವಿನ ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ.

ವೆಲ್ಡಿಂಗ್ ಅನಿವಾರ್ಯವಾದಾಗ

ಬೀಡಿಗೆ ಸಾಮಾನ್ಯ ಮೈಲ್ಡ್ ಸ್ಟೀಲ್ ಎಲೆಕ್ಟ್ರೋಡ್ ತಕ್ಕುದಲ್ಲ. ನಿಕ್ಕಲ್ ಅಥವಾ ನಿಕ್ಕಲ್–ಕಬ್ಬಿಣದ ಎಲೆಕ್ಟ್ರೋಡನ್ನೇ ಬಳಸಬೇಕು. ಉಕ್ಕನ್ನು ಬೀಡಿಗೆ ಕೂಡಿಸಲು ಸುಮಾರು ಶೇ. 55 ನಿಕ್ಕಲ್ ಇರುವ ಎರಡನೆಯದು ಹೆಚ್ಚು ಸೂಕ್ತ. ಎರಕವನ್ನು ಇಡಿಯಾಗಿ, ಸಮನಾಗಿ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, 25ರಿಂದ 50 ಮಿ.ಮೀ. ಉದ್ದದ ಚಿಕ್ಕ ಬೆಸುಗೆಗಳನ್ನು ಹಾಕಿ, ಪ್ರತಿಯೊಂದನ್ನೂ ಬಿಸಿಯಿರುವಾಗಲೇ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು. ಅನಂತರ ಒಣ ಮರಳು, ಸುಣ್ಣದ ಪುಡಿ ಅಥವಾ ಬೂದಿಯಲ್ಲಿ ಹುದುಗಿಸಿ ನಿಧಾನವಾಗಿ ತಣಿಸಬೇಕು. ನೀರು ಹಾಕಿ ತಣಿಸುವುದಂತೂ ಎರಕವನ್ನು ಕೈಯಾರೆ ಒಡೆದಂತೆ. ಈ ಕ್ರಮಕ್ಕೆ ತಗಲುವ ಅನಿಲ ಮತ್ತು ಸಮಯವನ್ನು ದರದಲ್ಲಿ ಸೇರಿಸದ ಉದ್ದಿಮೆದಾರರು ಕ್ರಮವನ್ನು ಬಿಡಬೇಕಾಗುತ್ತದೆ, ಇಲ್ಲವೇ ಲಾಭವನ್ನು ಬಿಡಬೇಕಾಗುತ್ತದೆ.

ಬ್ರೇಜಿಂಗಿನ ಅನುಕೂಲ

ಬ್ರೇಜಿಂಗಿನಲ್ಲಿ ಮೂಲ ಲೋಹಗಳು ಕರಗುವುದಿಲ್ಲ. ಕಡಿಮೆ ಶಾಖಕ್ಕೆ ಕರಗುವ ಮಿಶ್ರಲೋಹವು ಷಾಫ್ಟ್ ಮತ್ತು ರಂಧ್ರದ ನಡುವಣ ಕಿರಿದಾದ ಸಂದಿಗೆ ತಾನಾಗಿಯೇ ಹರಿದು ಎರಡನ್ನೂ ಹಿಡಿಯುತ್ತದೆ. ಬಿಳಿಗಾರ ಬಳಸಿ ಮಾಡುವ ಹಿತ್ತಾಳೆ ಬೆಸುಗೆಗೆ ಸುಮಾರು 900 ಡಿಗ್ರಿ ಬೇಕು. ಬೆಳ್ಳಿಯ ಬ್ರೇಜಿಂಗ್ ಮಿಶ್ರಲೋಹಗಳಲ್ಲಿ ಹಲವು 620ರಿಂದ 700 ಡಿಗ್ರಿಯೊಳಗೆ ಹರಿಯುತ್ತವೆ. ಬೀಡಿನ ಒಳರಚನೆ ಬದಲಾಗುವ ಶಾಖಕ್ಕಿಂತ ಇದು ಕಡಿಮೆಯಾದುದರಿಂದ ಗಡುಸು ಪದರದ ಭಯವಿರುವುದಿಲ್ಲ.

ಬೆಳ್ಳಿ ಎಂದೊಡನೆ ಬೆಲೆಗೆ ಹೆದರಬೇಕಿಲ್ಲ. 25 ಮಿ.ಮೀ. ವ್ಯಾಸದ ಷಾಫ್ಟನ್ನು 20 ಮಿ.ಮೀ. ಆಳಕ್ಕೆ ಕೂರಿಸಿ, ಸುತ್ತಲೂ 0.1 ಮಿ.ಮೀ. ಸಂದಿ ಬಿಟ್ಟರೆ, ಅದನ್ನು ತುಂಬಲು ಬೇಕಾಗುವ ಮಿಶ್ರಲೋಹ ಸುಮಾರು ಒಂದೂವರೆ ಗ್ರಾಂ. ಒಂದು ಜೋಡಣೆಗೆ ತಗಲುವ ಈ ವೆಚ್ಚವನ್ನು, ಹಿಂದಿರುಗಿ ಬರುವ ಒಂದು ಎರಕದ ವೆಚ್ಚದೊಡನೆ ತೂಗಿ ನೋಡುವುದು ಒಳಿತು. ಸಂದಿ ದೊಡ್ಡದಾದಂತೆ ಮಿಶ್ರಲೋಹ ಹೆಚ್ಚು ಖರ್ಚಾಗುತ್ತದೆ, ಜೋಡಣೆಯ ಬಲವೂ ತಗ್ಗುತ್ತದೆ. ಆದ್ದರಿಂದ ಉಳಿತಾಯ ನಿಜವಾಗಿ ನಡೆಯುವುದು ಲೇತಿನ ಮೇಲೆ.

ಬ್ರೇಜಿಂಗ್ ವಿಫಲವಾಗಲು ಪ್ರಮುಖ ಕಾರಣ ಗ್ರಾಫೈಟ್. ಮೆಷಿನ್ ಮಾಡಿದ ಬೀಡಿನ ಮೇಲೆ ಅದು ಮಸಿಯಂತೆ ಸವರಿಕೊಂಡು ಮಿಶ್ರಲೋಹ ಅಂಟದಂತೆ ತಡೆಯುತ್ತದೆ. ಎಣ್ಣೆ, ಜಿಡ್ಡು ತೆಗೆದರೆ ಸಾಲದು. ಉಕ್ಕಿನ ಗ್ರಿಟ್‌ನಿಂದ ಬ್ಲಾಸ್ಟ್ ಮಾಡಿ, ಅಥವಾ ಆಮ್ಲಜನಕ ಹೆಚ್ಚಿರುವ ಜ್ವಾಲೆಯಿಂದ ಮೇಲ್ಮೈಯನ್ನು ಸುಟ್ಟು ಬ್ರಷ್‌ನಿಂದ ಉಜ್ಜಿ, ಗ್ರಾಫೈಟನ್ನು ನಿವಾರಿಸಬೇಕು. ಕ್ಯಾಡ್ಮಿಯಂ ಇರುವ ಮಿಶ್ರಲೋಹಗಳ ಹೊಗೆ ವಿಷಕಾರಿ. ಕೆಲಸಗಾರರ ಆರೋಗ್ಯದ ದೃಷ್ಟಿಯಿಂದ ಕ್ಯಾಡ್ಮಿಯಂರಹಿತವಾದುದನ್ನೇ ಕೊಳ್ಳಬೇಕು.

ಮೇಲ್ಮೈಯನ್ನು ಗಡುಸುಗೊಳಿಸಿದ ಷಾಫ್ಟಿಗೆ ಬ್ರೇಜಿಂಗಿನ ಶಾಖವೂ ಒಗ್ಗದು. ಕಾದ ಭಾಗದ ಗಡಸುತನ ಇಳಿದುಹೋಗುತ್ತದೆ.

ಶಾಖವೇ ಬೇಡವಾದಲ್ಲಿ

ಇಂತಹ ಷಾಫ್ಟುಗಳಿಗೆ ಮಾತ್ರವಲ್ಲದೆ, ಇನ್ನೂ ಅನೇಕ ಜೋಡಣೆಗಳಿಗೆ ಬೆಸುಗೆಯ ಅಗತ್ಯವೇ ಇಲ್ಲ. ಬಿಗಿ ಅಳತೆಯ ಕೂಡಿಕೆಗೆ 50 ಮಿ.ಮೀ. ಷಾಫ್ಟನ್ನು ರಂಧ್ರಕ್ಕಿಂತ 0.04 ಮಿ.ಮೀ. ದಪ್ಪವಾಗಿ ತಿರುವಿದರೆ, ಎರಕವನ್ನು ಕೋಣೆಯ ಉಷ್ಣತೆಗಿಂತ 200 ಡಿಗ್ರಿ ಹೆಚ್ಚು ಕಾಯಿಸಿದಾಗ ರಂಧ್ರ ಸುಮಾರು 0.1 ಮಿ.ಮೀ. ಹಿಗ್ಗಿ ಷಾಫ್ಟ್ ಸಲೀಸಾಗಿ ಒಳಸೇರುತ್ತದೆ. ತಣಿದಾಗ ಬಿಗಿಯಾಗಿ ಕೂರುತ್ತದೆ. ರಂಧ್ರದ ಸುತ್ತಲಿನ ದಪ್ಪ ಸಾಲದಿದ್ದರೆ ಎರಕ ಸೀಳಬಹುದೆಂಬುದನ್ನು ಮಾತ್ರ ಮರೆಯಬಾರದು. ಹೆಚ್ಚು ತಿರುಚುಬಲವಿದ್ದಲ್ಲಿ ಕೀ ಹಾಕಬೇಕು. ಭಾಗವನ್ನು ಮುಂದೆ ಬಿಚ್ಚಿ ಬದಲಿಸಬೇಕಾದ ಗ್ರಾಹಕರಿಗೂ ಕೀ ಹಾಕಿದ ಕೂಡಿಕೆಯೇ ಅನುಕೂಲ.

ಆದೇಶ ಪಡೆಯುವಾಗ ಕೇಳಬೇಕಾದದ್ದು

ಎರಕ ಯಾವುದು? ಐ.ಎಸ್. 210ರ ಬೂದು ಬೀಡೋ, ಐ.ಎಸ್. 1865ರ ಎಸ್.ಜಿ. ಬೀಡೋ, ಎರಕದ ಉಕ್ಕೋ? ಕಾಗದಪತ್ರವಿಲ್ಲದಿದ್ದರೆ ಲೇತಿನ ಸಿಪ್ಪೆಯನ್ನು ನೋಡಬಹುದು: ಬೂದು ಬೀಡಿನದು ಪುಡಿಪುಡಿಯಾಗುತ್ತದೆ, ಉಕ್ಕಿನದು ಸುರುಳಿಯಾಗಿ ಬರುತ್ತದೆ. ಷಾಫ್ಟಿನ ದರ್ಜೆ ಯಾವುದು, ಅದನ್ನು ಗಡುಸುಗೊಳಿಸಲಾಗಿದೆಯೇ, ಭಾಗದ ಮೇಲೆ ಬೀಳುವ ಭಾರ ಎಂತಹದು ಎಂಬುದನ್ನೂ ತಿಳಿದು, ಜೋಡಣೆಯ ವಿಧಾನವನ್ನು ಆದೇಶಪತ್ರದಲ್ಲೇ ನಮೂದಿಸಬೇಕು. ವ್ಯಾಪಾರಿಗಳು ಎರಕ ಕೊಳ್ಳುವಾಗಲೇ ಫೌಂಡ್ರಿಯಿಂದ ಪರೀಕ್ಷಾ ಪ್ರಮಾಣಪತ್ರ ಕೇಳಿ ಪಡೆದರೆ, ಮುಂದೆ ವಿವಾದ ಬಂದಾಗ ಹೊಣೆ ಯಾರದೆಂಬುದು ಸ್ಪಷ್ಟವಾಗಿರುತ್ತದೆ. ಇಷ್ಟನ್ನು ವಿಚಾರಿಸಲು ಹತ್ತು ನಿಮಿಷ ಸಾಕು. ಹಿಂದಿರುಗಿದ ಮಾಲನ್ನು ಸರಿಪಡಿಸಿ, ಕೈತಪ್ಪಿದ ಗ್ರಾಹಕರನ್ನು ಮರಳಿ ಪಡೆಯಲು ವರ್ಷಗಳೇ ಬೇಕಾಗಬಹುದು.