ಪ್ಲಾನ್ 9: ನೆಟ್‌ವರ್ಕ್ ಕೂಡ ಫೈಲೇ

ಆಪರೇಟಿಂಗ್ ಸಿಸ್ಟಂ ಕಲಿಯಲು ಹೊರಟವರಿಗೆ ಮೊದಲು ತೋರಿಸುವುದು ಲಿನಕ್ಸ್. ಕೋಟಿಗಟ್ಟಲೆ ಸಾಲುಗಳ ಆ ಕೋಡ್‌ನಲ್ಲಿ ಮೂಲತತ್ವ ಯಾವುದು, ಕಾಲಕಾಲಕ್ಕೆ ಹಚ್ಚಿದ ತೇಪೆ ಯಾವುದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಅವರು ಪ್ಲಾನ್ 9 ಅನ್ನೂ ನೋಡಲೇಬೇಕು ಎಂಬುದು ನನ್ನ ಆಗ್ರಹ.

ಯೂನಿಕ್ಸ್ ಹುಟ್ಟಿದ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲೇ 1980ರ ದಶಕದ ಉತ್ತರಾರ್ಧದಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಮತ್ತು ಸಂಗಡಿಗರು ಇದನ್ನು ಕಟ್ಟತೊಡಗಿದರು. ಸಾಧನಗಳನ್ನೂ ಫೈಲ್‌ನಂತೆ ಓದಬೇಕು, ಬರೆಯಬೇಕು ಎನ್ನುವುದು ಯೂನಿಕ್ಸ್ ಹಿಡಿದ ದಾರಿ. ನೆಟ್‌ವರ್ಕ್, ಗ್ರಾಫಿಕ್ಸ್ ಬಂದಾಗ ಅದು ದಾರಿ ಬಿಟ್ಟಿತು. ಪ್ಲಾನ್ 9 ಬಿಡಲಿಲ್ಲ.

ನೆಟ್‌ವರ್ಕನ್ನೇ ನೋಡಿ. ಬೇರೆ ಕಡೆ ಸಾಕೆಟ್ ಎಂಬ ಪ್ರತ್ಯೇಕ ವ್ಯವಸ್ಥೆ ಕಲಿಯಬೇಕು. ಇಲ್ಲಿ ‘ನೆಟ್’ ಡೈರೆಕ್ಟರಿಯ ‘ಟಿಸಿಪಿ’ಯೊಳಗೆ ‘ಕ್ಲೋನ್’ ಎಂಬ ಫೈಲ್ ಇದೆ. ತೆರೆದು ಓದಿದರೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯ ಹೆಸರಿನ ಡೈರೆಕ್ಟರಿಯೇ ನಿಮ್ಮ ಸಂಪರ್ಕ. ತೆರೆದ ಫೈಲಿಗೇ ‘ಕನೆಕ್ಟ್’ ಎಂದು ವಿಳಾಸ ಸೇರಿಸಿ ಬರೆದರೆ ಸಂಪರ್ಕ ಏರ್ಪಡುತ್ತದೆ. ಆಮೇಲೆ ಆ ಡೈರೆಕ್ಟರಿಯ ‘ಡೇಟಾ’ ಫೈಲಿಗೆ ಬರೆದದ್ದು ಆಚೆಗೆ ಹೋಗುತ್ತದೆ, ಆಚೆಯಿಂದ ಬಂದದ್ದನ್ನು ಅಲ್ಲೇ ಓದಬಹುದು. ಇನ್ನೊಂದು ಯಂತ್ರದ ‘ನೆಟ್’ ಡೈರೆಕ್ಟರಿಯನ್ನು ನಿಮ್ಮದರ ಜಾಗದಲ್ಲಿ ಮೌಂಟ್ ಮಾಡಿಕೊಂಡರೆ, ಆ ಯಂತ್ರವೇ ನಿಮಗೆ ಗೇಟ್‌ವೇ! ಫೈಲುಗಳನ್ನು ಯಂತ್ರದಿಂದ ಯಂತ್ರಕ್ಕೆ ಹಂಚುವ 9ಪಿ ಎಂಬ ಪ್ರೊಟೊಕಾಲ್ ಒಂದೇ ಇದಕ್ಕೆಲ್ಲ ಸಾಕು.

ಇದರ ಬೆನ್ನಿಗಿರುವುದು ನೇಮ್‌ಸ್ಪೇಸ್. ಒಂದೇ ಹೆಸರು ಬೇರೆ ಬೇರೆ ಪ್ರೊಸೆಸ್‌ಗಳಿಗೆ ಬೇರೆ ಬೇರೆ ವಸ್ತುವನ್ನು ತೋರಿಸಬಲ್ಲದು. ‘ರಿಯೊ’ ಎಂಬ ವಿಂಡೋ ವ್ಯವಸ್ಥೆ ಪ್ರತಿ ವಿಂಡೋಗೂ ಅದರದೇ ಮೌಸ್ ಫೈಲ್, ಕನ್ಸೋಲ್ ಫೈಲ್ ಕೊಡುತ್ತದೆ. ತಾನು ಬಳಸುವ ಫೈಲುಗಳನ್ನೇ ಅದು ಒಳಗಿನವರಿಗೆ ಒದಗಿಸುವುದರಿಂದ ರಿಯೊದ ವಿಂಡೋದೊಳಗೆ ಇನ್ನೊಂದು ರಿಯೊವನ್ನು ಓಡಿಸಬಹುದು. 2002ರಲ್ಲಿ ಲಿನಕ್ಸ್‌ಗೂ ಮೌಂಟ್ ನೇಮ್‌ಸ್ಪೇಸ್ ಬಂತು. ಇಂದಿನ ಡಾಕರ್ ಕಂಟೇನರ್‌ಗಳು ಅಂಥ ನೇಮ್‌ಸ್ಪೇಸ್‌ಗಳನ್ನೇ ಆಧರಿಸಿವೆ.

ಕನ್ನಡಿಗರಿಗೂ ಪ್ಲಾನ್ 9ರ ಋಣವಿದೆ. ಥಾಂಪ್ಸನ್ ಮತ್ತು ಪೈಕ್ 1992ರಲ್ಲಿ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯನ್ನು ರೂಪಿಸಿ ಮೊದಲು ಅಳವಡಿಸಿದ್ದು ಪ್ಲಾನ್ 9ಕ್ಕೆ. ಇಂದು ವೆಬ್‌ನಲ್ಲಿ ಕನ್ನಡ ಓಡಾಡುವುದು ಬಹುಪಾಲು ಆ ರೂಪದಲ್ಲೇ, ಒಂದೊಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್‌ನಂತೆ.

ದಿನಬಳಕೆಗೆ ಪ್ಲಾನ್ 9 ಒಗ್ಗುವುದು ಕಷ್ಟ. ಕಲಿಕೆಗೆ ಆ ಕೊರತೆ ಅಡ್ಡಿಯಲ್ಲ. 2021ರಲ್ಲಿ ಬೆಲ್ ಲ್ಯಾಬ್ಸ್‌ನ ಒಡೆಯ ನೋಕಿಯಾ ಇದರ ಹಕ್ಕುಗಳನ್ನು ಪ್ಲಾನ್ 9 ಫೌಂಡೇಶನ್‌ಗೆ ಬಿಟ್ಟುಕೊಟ್ಟಿತು. ಕೋಡ್ ಮುಕ್ತವಾಗಿದೆ, ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ. ಓದಲು ಕೂರುವವರು ಕರ್ನಲ್‌ನ ‘ಚಾನ್.ಸಿ’ಯಿಂದ ಶುರುಮಾಡಲಿ: ಒಂದು ಹೆಸರು ಮೌಂಟ್‌ಗಳನ್ನು ದಾಟುತ್ತಾ ಹೇಗೆ ತನ್ನ ಫೈಲನ್ನು ತಲುಪುತ್ತದೆ ಎನ್ನುವುದು ಅಲ್ಲಿದೆ.