ಕಿಸ್ಯಾಗಿನ ಸಣ್ಣ ಚಾಕು

ಇದು ಮಹಾಗಾಂವ ಕ್ರಾಸ್, ಕಲಬುರಗಿಯಿಂದ ಕಮಲಾಪುರಕ್ಕ ಹೋಗೋ ದಾರಿ. ಗೊಬ್ಬರ ಚೀಲದ ದಾರ ಕೊಯ್ಲಿಕ್ಕ, ಡ್ರಿಪ್ ಪೈಪ್ ಕತ್ತರಸ್ಲಿಕ್ಕ, ಕೆಂಪು ಬಾಳಿಯ ಒಣಗಿದ ಎಲಿ ತಗೀಲಿಕ್ಕ ಹೊಲಕ್ಕ ಹೋಗೋರಿಗೆ ಮಡಚೋ ಚಾಕು ಬೇಕೇ ಬೇಕು.

ಆದ್ರ ಅದನ್ನ ಕಿಸೆ ತಳದಾಗ ಸುಮ್ಮನ ಬಿಡಬ್ಯಾಡ್ರಿ. ಗಾಡಿ ಮ್ಯಾಲೆ ಕುಂತಾಗ ಜಾರಿ ಬೀಳ್ತದ. ಅದಕ್ಕಿಂತ ಕೆಟ್ಟದ್ದಂದ್ರ, ಕೀಲಿಕೈಗೆ ಸಿಕ್ಕಿ ಅರ್ಧ ತೆರೀತದ. ಗೊತ್ತಿಲ್ಲದ ಕೈ ಹಾಕಿದ್ರ ಬೆರಳಿಗೇ ಗಾಯ.

ಕ್ಲಿಪ್ ಇರೋದು ತಗೊಳ್ರಿ. ಮುಂದಿನ ಕಿಸೆಯ ಹಿಂಬದಿ ಹೊಲಿಗೆಗೆ ಒತ್ತಿ ಸಿಗಿಸ್ರಿ. ಅಲಗು ತೆರೆಯೋ ಬದಿ ಆ ಹೊಲಿಗೆ ಕಡೀಗೇ ಇರ್ಲಿ, ಬಟ್ಟಿನೇ ಅದನ್ನ ಮುಚ್ಚಿ ಹಿಡೀತದ. ಕ್ಲಿಪ್ ಇಲ್ಲೇನ್ರಿ? ನಮ್ಮ ಹಿರ್ಯಾರು ಕೀಲಿಕೈ ಉಡದಾರಕ್ಕ ಕಟ್ಟಿಕೊಳ್ತಿದ್ರಲ್ಲ, ಹಂಗೇ ಸಣ್ಣ ಬಟ್ಟಿ ಚೀಲದಾಗ ಹಾಕಿ ಕಟ್ಟಿಕೊಳ್ರಿ. ನನಗಂತೂ ಈ ಪದ್ಧತಿನೇ ಭಾಳ ಸೇರ್ತದ.

ಬಾಳಿ ಸೊನಿ ಹತ್ತಿದ್ರ ಆಗಿಂದಾಗ ಒರಸ್ರಿ. ಒಣಗಿದ್ರ ಕೀಲು ಬಿಗೀತದ. ಹೊಲಿಗೆ ಮಿಷಿನ್ ಎಣ್ಣಿ ಒಂದು ಹನಿ ಸಾಕು. ಅಡಗಿ ಎಣ್ಣಿ ಬ್ಯಾಡ, ಅಂಟ್ಕೋತದ.

ಇನ್ನ ಕಾಯ್ದೆ. 2016ರ ಆಯುಧ ನಿಯಮದಾಗ 9 ಇಂಚಿಗಿಂತ ಉದ್ದ, ಇಲ್ಲಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಲೆಕ್ಕ. ಮನಿಕೆಲಸ, ಒಕ್ಕಲುತನದ್ದು ಬ್ಯಾರೆ. ನಮಗ 3 ಇಂಚಿನೊಳಗಿಂದೇ ಸಾಕು. ಹಂಗಂತ ಜಾತ್ರಿ, ಕೋರ್ಟು, ಮತಗಟ್ಟಿಗೆ ಒಯ್ಯಬ್ಯಾಡ್ರಿ, ಮನ್ಯಾಗ ಮಕ್ಕಳ ಕೈಗೆ ಸಿಗದಂಗ ಇಟ್ಟು ಹೋಗ್ರಿ. ವಿಮಾನ ಹತ್ತೋರು ಕೈಚೀಲದಾಗ ಇಟ್ಕೋಬ್ಯಾಡ್ರಿ, ಚೆಕ್-ಇನ್ ಮಾಡೋ ಬ್ಯಾಗಿನಾಗ ಹಾಕ್ರಿ.