ಹಳೆಯ ಜೂಮ್ ಲೆನ್ಸಿಗೂ ಬೇಕು ಚಾಳೀಸು

ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮೇಲೆ ಕೂತವರ ಕೈ ನೋಡಬೇಕು. ಒಂದು ಒತ್ತು, ಒಂದು ತಿರುವು. ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಇದನ್ನು ಹಿಡಿಯೋಣವೆಂದು ಹಳೆಯ ಸಿನಿಮಾ ಜೂಮ್ ಲೆನ್ಸ್ ಹೊತ್ತು ಹತ್ತಿರ ಹೋದರೆ ಎಲ್ಲವೂ ಮಸುಕು. 16 ಎಂಎಂ ಕಾಲದ ಹೆಸರಾಂತ ಫ್ರೆಂಚ್ ಜೂಮ್ ಆಂಜೆನ್ಯೂ 12–120ಕ್ಕೆ ಸುಮಾರು ಒಂದೂವರೆ ಮೀಟರಿಗಿಂತ ಹತ್ತಿರದ್ದು ಕಾಣುವುದಿಲ್ಲ.

ನಲವತ್ತು ದಾಟಿ ಪಂಚಾಂಗದ ಅಕ್ಷರ ಕಾಣದಾದಾಗ ನಮ್ಮ ಹಿರಿಯರು ಚಾಳೀಸು ಹಾಕುತ್ತಿದ್ದರು. ಈ ಲೆನ್ಸಿಗೂ ಅದೇ ಮದ್ದು. ಅದರ ಬಾಯಿಗೆ ತೊಡಿಸುವ ಉಬ್ಬುಗಾಜಿಗೆ ಡಯಾಪ್ಟರ್ ಎನ್ನುತ್ತಾರೆ. ಫಿಲ್ಟರ್ ಎಂದು ಮಾರಿದರೂ ಅದು ಏನನ್ನೂ ಸೋಸುವುದಿಲ್ಲ. ಅದರ +1, +2 ಎಂಬ ನಂಬರುಗಳು ಕನ್ನಡಕದ ಅಂಗಡಿಯ ನಂಬರುಗಳೇ. ಲೆಕ್ಕವೂ ಸುಲಭ: 100 ಸೆಂಟಿಮೀಟರನ್ನು ನಂಬರಿನಿಂದ ಭಾಗಿಸಿ. ಲೆನ್ಸನ್ನು ಅನಂತಕ್ಕೆ ತಿರುಗಿಸಿಟ್ಟಾಗ +1 ಹಾಕಿದರೆ ಗಾಜಿನಿಂದ ಒಂದು ಮೀಟರ್, +2 ಹಾಕಿದರೆ ಅರ್ಧ ಮೀಟರ್ ದೂರದ್ದು ಸ್ಪಷ್ಟ.

ನನ್ನನ್ನು ಬೆರಗುಗೊಳಿಸುವುದು ಇದರ ಮುಂದಿನ ಗುಣ. ಜೂಮ್ ಎಲ್ಲಿದ್ದರೂ ಆ ದೂರ ಬದಲಾಗುವುದಿಲ್ಲ. +2 ಹಾಕಿ ಜೂಮಿನ 120ರ ತುದಿಯಲ್ಲಿ ನೋಡಿದರೆ 16 ಎಂಎಂ ಚೌಕಟ್ಟಿನ ಅಗಲ ನಾಲ್ಕು ಸೆಂಟಿಮೀಟರಿನ ಆಸುಪಾಸು. ಒಂದೇ ಅಡಿಕೆಕಾಯಿ ತೆರೆ ತುಂಬುತ್ತದೆ. ಫೋಕಸ್ ಮುಟ್ಟದೆ ನಿಧಾನವಾಗಿ 12ಕ್ಕೆ ಬನ್ನಿ: ಕಾಯಿ, ಬೆರಳು, ಕತ್ತಿ, ಎರಡೂ ಕೈ ಒಂದೇ ಓಟದಲ್ಲಿ ತೆರೆದುಕೊಳ್ಳುತ್ತವೆ. ಲೆನ್ಸಿನ ಹಿಂದೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದರೆ ಇದು ಸಾಧ್ಯವಿಲ್ಲ. ಜೂಮ್ ತಿರುಗಿಸಿದೊಡನೆ ಫೋಕಸ್ ಹೋಗುತ್ತದೆ, ಬೆಳಕೂ ಕುಗ್ಗುತ್ತದೆ. ಡಯಾಪ್ಟರ್ ಬೆಳಕು ಕದಿಯುವುದಿಲ್ಲ. ಮಳೆಗಾಲದ ಮಲೆನಾಡಿನ ಒಳಮನೆಯಲ್ಲಿ ಕ್ಯಾಮೆರಾ ಹಿಡಿದವರಿಗೆ ಅದರ ಬೆಲೆ ಗೊತ್ತು.

ಹಾಗಂತ ದೊಡ್ಡ ನಂಬರಿಗೆ ಆಸೆಪಡಬೇಡಿ. +2 ಹಾಕಿದ ಮೇಲೆ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ 37ರಿಂದ 50 ಸೆಂಟಿಮೀಟರ್ ಮಾತ್ರ. ಅದರಾಚೆಗೆ ಮಂಜು. ಅಷ್ಟು ಹತ್ತಿರ ಹೋದರೆ ಕೆಲಸದ ಕೈಯ ಮೇಲೆ ಕ್ಯಾಮೆರಾದ್ದೇ ನೆರಳು. +1 ಒಂದು ಮೀಟರಿನಿಂದ 60 ಸೆಂಟಿಮೀಟರಿನವರೆಗೆ ಒದಗುತ್ತದೆ. ಜನ ಕಡೆಗಣಿಸುವ +½ ಎರಡು ಮೀಟರಿನಿಂದ ಸುಮಾರು 86 ಸೆಂಟಿಮೀಟರಿನವರೆಗೆ ನೋಡುತ್ತದೆ. ಲೆನ್ಸಿನ ಸ್ವಂತ ದೃಷ್ಟಿಗೂ +1ಕ್ಕೂ ನಡುವಿನ ಕಂದಕವನ್ನು ಮುಚ್ಚುವುದು ಅದೇ. ಮೊದಲು ಕೊಳ್ಳಬೇಕಾದ್ದು ಈ ಎರಡನ್ನು.

ಒಂಟಿ ಗಾಜಿನ ಅಗ್ಗದ +4 ಒಂದನ್ನು ನಾನು ತಂದಿದ್ದೆ. 120ರ ತುದಿಯಲ್ಲಿ ಬಿಳಿ ಪಂಚೆಯ ಅಂಚಿಗೆಲ್ಲ ನೇರಳೆ ಬಣ್ಣ ಹತ್ತಿಕೊಂಡಿತ್ತು. ಎರಡು ಗಾಜು ಅಂಟಿಸಿ ಮಾಡಿದ ಆಕ್ರೋಮ್ಯಾಟ್ ಈ ಬಣ್ಣದ ದೋಷವನ್ನು ಬಹುಮಟ್ಟಿಗೆ ತಿದ್ದುತ್ತದೆ. ಕ್ಯಾನನ್ 500ಡಿ (+2), ನಿಕಾನ್ 5ಟಿ (+1.5) ಆ ಜಾತಿಯವು. ದುಬಾರಿಯಾದರೂ ಉದ್ದ ಜೂಮಿಗೆ ಇವೇ ಸರಿ.

ಇನ್ನುಳಿದದ್ದು ಅಳತೆ. ಹಳೆಯ ಜೂಮುಗಳ ಬಾಯಿ ಒಂದೊಂದರದು ಒಂದೊಂದು ಅಗಲ. ಗಾಜು ಬಾಯಿಗಿಂತ ಚಿಕ್ಕದಾದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಗಾಜನ್ನು ಲೆನ್ಸಿನ ಬಾಯಿಗೆ ಕೂರಿಸುವ ಉಂಗುರ ಅಂಗಡಿಯಲ್ಲಿ ಸಿಗದಿದ್ದರೆ ಶಿವಮೊಗ್ಗ–ಭದ್ರಾವತಿಯ ಜನ ಚಿಂತಿಸಬೇಕಿಲ್ಲ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಊರು ಭದ್ರಾವತಿ. ಎರಡೂ ಊರುಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ. ಅಲ್ಯೂಮಿನಿಯಂ ಉಂಗುರ ಕಡೆದುಕೊಡುವುದು ಅಲ್ಲಿನ ಲೇತ್ ಕೆಲಸಗಾರರಿಗೆ ಕಷ್ಟವಲ್ಲ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದ ವ್ಯಾಸದ ಜೊತೆಗೆ ಥ್ರೆಡ್ಡಿನ ಪಿಚ್ಚನ್ನೂ ಬರೆದುಕೊಡಿ: ಫಿಲ್ಟರುಗಳಲ್ಲಿ ಸಾಮಾನ್ಯವಾಗಿ 0.75 ಮಿಲಿಮೀಟರ್, ತೀರಾ ದೊಡ್ಡವುಗಳಲ್ಲಿ 1.

‘ಘಟಶ್ರಾದ್ಧ’ (1977), ‘ಮಾಲ್ಗುಡಿ ಡೇಸ್’ ಎರಡಕ್ಕೂ ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ. ಮಲೆನಾಡಿನ ಮನೆ, ಮಳೆ, ಮುಖಗಳನ್ನು ಅವರು ನಮಗೆ ಉಳಿಸಿಕೊಟ್ಟರು. ಈಗ ಕೈಗಳ ಸರದಿ. ಸಾಗರ, ಸೊರಬದ ಗುಡಿಗಾರರು ಗಂಧದ ತುಂಡಿನ ಮೇಲೆ ಉಳಿ ಊರುವ ಹೊತ್ತಿಗೆ, ನಿಮ್ಮಲ್ಲಿ ಹಳೆಯ ಜೂಮ್ ಇದ್ದರೆ, +1 ಹಾಕಿಕೊಂಡು ಒಂದು ಮೀಟರ್ ದೂರದಲ್ಲಿ ಕೂತುಕೊಳ್ಳಿ.